ಎರಡು ಗೇಟಿನ ಪಾರ್ಕು

ಹೊಸ ಬಡಾವಣೆಗೆ ಜಲ್ಲಿ ಹೊತ್ತು ಹೊರಟಿದ್ದ ಲಾರಿ ಅವನ ಮಗನನ್ನು ಹಳೇ ಬೀದಿಯಲ್ಲಿ, ಮನೆಯ ಮುಂದೆಯೇ ಕೊಂದಿತು. ಚೆಂಡಿನ ಹಿಂದೆ ಹುಡುಗ ರಸ್ತೆಗೆ ಓಡಿದ್ದ. ಆಡಲು ಬೇರೆ ಜಾಗವಿದ್ದರೆ ತಾನೇ? ಊರಿನ ಪಾರ್ಕುಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿಯ ಮಗ, ಪಾರ್ಕಿಲ್ಲದೆ ಸತ್ತ. ಅಂದಿನಿಂದ ಹೆಂಡತಿ ಹೊಸಿಲು ದಾಟಲಿಲ್ಲ. ಊಟಕ್ಕೆ ಎರಡೇ ತಟ್ಟೆ ಇಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನಿಯಮ ಅವನಿಗೆ ಬಾಯಿಪಾಠ. ಹೊಸ ಕಟ್ಟಡ ಕಟ್ಟುವವರು ನಗರಸಭೆಗೆ ಪಾರ್ಕಿನ ಶುಲ್ಕ ಕೊಡಬೇಕು. ಆ ಹಣ ಅದೇ ಬಡಾವಣೆಯಲ್ಲಿ ಖರ್ಚಾಗಬೇಕು. ಹತ್ತಿರದಲ್ಲಿ ಆಗಲೇ ಪಾರ್ಕ್ ಇದ್ದರೆ ಶುಲ್ಕ ಮಾಫಿ. ಅದಕ್ಕೇ ಹೊಸ ಬಡಾವಣೆಯ ಬಿಲ್ಡರ್ ನಾಲ್ಕು ಹೂಕುಂಡ ತೋರಿಸಿ, "ಇದೇ ಪಾರ್ಕ್ ಅಂದ್ಕೊಳ್ಳಿ ಸರ್" ಎಂದು ಹಲ್ಲು ಕಿರಿದಿದ್ದ. ಹಳೇ ಬೀದಿಯಲ್ಲಿ ಹೊಸ ಕಟ್ಟಡವೇ ಏಳುತ್ತಿರಲಿಲ್ಲ, ಹಾಗಾಗಿ ಪಾರ್ಕೂ ಬರುವಂತಿರಲಿಲ್ಲ. ಆದರೂ ನಮ್ಮ ಬೀದಿಗೊಂದು ಪಾರ್ಕ್ ಕೊಡಿ ಎಂದು ಅವನು ನಗರಸಭೆಯ ಆಯುಕ್ತರಿಗೆ ಕೈಮುಗಿದು ಕೇಳಿದ.

"ನಿಮ್ಮ ಸಂಕಟ ಅರ್ಥ ಆಗುತ್ತೆ ಕಣ್ರೀ. ಆದ್ರೆ ರೂಲ್ಸು ರೂಲ್ಸೇ ಅಲ್ವಾ?" ಎಂದರು ಅವರು.

ಅಂದೇ ಅವನು ಕಳ್ಳನಾದ.

ಹೂಕುಂಡದ ಆಟ ನಡೆಯದೆ ಬಿಲ್ಡರ್ ಕಟ್ಟಿದ ಶುಲ್ಕದಲ್ಲಿ ಹೊಸ ಬಡಾವಣೆಗೆ ಎರಡು ಪಾರ್ಕ್ ಮಂಜೂರಾಗಿದ್ದವು. ಅವನು ಒಂದನ್ನೇ ಮಾಡಿಸಿ ಅದಕ್ಕೆ ಎರಡು ಗೇಟು ಇಡಿಸಿದ. ಮುಂದಿನದಕ್ಕೆ ಹಸಿರು ಬಣ್ಣ, ಹಿಂದಿನದಕ್ಕೆ ನೀಲಿ. ಎರಡನೇ ಪಾರ್ಕಿನ ಉಯ್ಯಾಲೆ, ಜಾರುಬಂಡಿ, ಬೆಂಚು, ಸಸಿಗಳೆಲ್ಲ ಹಳೇ ಬೀದಿಗೆ, ನಗರಸಭೆಯ ಪಾಳುಬಿದ್ದ ಪಂಪ್‌ಹೌಸ್ ಜಾಗಕ್ಕೆ ಹೋದವು. ತನಗೆಂದು ಬಿಡಿಗಾಸೂ ಇಟ್ಟುಕೊಳ್ಳಲಿಲ್ಲ. ಕಂಟ್ರಾಕ್ಟರನಿಗೆ ಅನುಮಾನ ಬಂದದ್ದೇ ಅದರಿಂದ: "ಏನ್ ಸಾರ್, ನಿಮಗೇನೂ ಬೇಡ್ವಾ? ಹುಷಾರಾಗಿದ್ದೀರಾ ತಾನೇ?"

ಆಯುಕ್ತರ ಸೋಮಾರಿತನದ ಮೇಲೆ ಅವನಿಗೆ ಪೂರ್ತಿ ನಂಬಿಕೆಯಿತ್ತು. ಅವರ ಶೂಗೂ ಮಣ್ಣಿಗೂ ಆಗಿಬರುತ್ತಿರಲಿಲ್ಲ. ಯಾವ ಕಾಮಗಾರಿಯನ್ನೂ ಕಾರಿನಿಂದ ಇಳಿದು ನೋಡಿದವರಲ್ಲ. ತಪಾಸಣೆಯ ದಿನ ಬೆಳಿಗ್ಗೆ ಅವರಿಗೆ ಹಸಿರು ಗೇಟು ತೋರಿಸಿದ. ಆಮೇಲೆ ಭರ್ಜರಿ ಊಟ ಹಾಕಿಸಿದ. ನಿದ್ದೆಗಣ್ಣಿನ ಆಯುಕ್ತರನ್ನು ಸುತ್ತಿ ಬಳಸಿ ನೀಲಿ ಗೇಟಿಗೆ ಕರೆದೊಯ್ದ.

"ಇದು ಅದಕ್ಕಿಂತ ಚೆನ್ನಾಗಿದೆ ಕಣ್ರೀ," ಎಂದರು ಅವರು, ಕಾರಿನ ಗಾಜನ್ನೂ ಇಳಿಸದೆ.

ಹಳೇ ಬೀದಿಯ ಬಾಡಿಗೆ ಮನೆಗಳ ಕಡೆ ದೊಡ್ಡವರು ಯಾರೂ ಸುಳಿಯುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಉಯ್ಯಾಲೆ ಕಿರುಗುಟ್ಟತೊಡಗಿದ ಮೇಲೆ ಹೆಂಡತಿ ಮೊದಲು ಕಿಟಕಿ ತೆರೆದಳು. ಆಮೇಲೆ ಬಾಗಿಲು. ಈಗ ದಿನಾ ಸಂಜೆ ಬೆಂಚಿನ ಮೇಲೆ ಕೂತು ಬೀದಿಯ ಮಕ್ಕಳ ಚಪ್ಪಲಿ ಕಾಯುತ್ತಾಳೆ. "ಮೆಲ್ಲಗೆ ಜೀಕೋ ಮರಿ, ಬೀಳ್ತೀಯ," ಎಂದು ಅವಳು ಗದರಿದ್ದು ಕೇಳಿ ಅವನು ಬೇಲಿಯಾಚೆಯೇ ನಿಂತು ಅತ್ತುಬಿಟ್ಟ. ಇಷ್ಟಕ್ಕೆ ಜೈಲಾದರೂ ಚಿಂತೆಯಿಲ್ಲ ಎನಿಸಿತು. ಆದರೆ ಸಿಕ್ಕಿಬೀಳುವ ದಾರಿಯೊಂದೂ ಅವನಿಗೆ ಕಾಣಲಿಲ್ಲ.

ವರ್ಷ ಕಳೆದ ಮೇಲೆ ಅದೇ ಬಿಲ್ಡರ್ ಆಯುಕ್ತರ ಕೋಣೆಗೆ ಬಂದಾಗ ಅವನೂ ಅಲ್ಲಿದ್ದ. ಹಳೇ ಬೀದಿಯ ಮನೆಗಳನ್ನೆಲ್ಲ, ಅವನ ಬಾಡಿಗೆ ಮನೆಯನ್ನೂ ಸೇರಿಸಿ, ಮಾಲೀಕರಿಂದ ಕೊಂಡಾಯಿತಂತೆ. ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾನಂತೆ. "ಆ ಬೀದೀನ ಯಾರು ಮೂಸಿ ನೋಡ್ತಿದ್ರು ಸರ್? ಪಾರ್ಕ್ ಬಂತು, ಜಾಗಕ್ಕೆ ಕಳೆ ಬಂತು. ಈ ಸಲ ಹೂಕುಂಡ ಅಲ್ಲ, ನಿಜವಾದ ಪಾರ್ಕೇ ಪಕ್ಕದಲ್ಲಿದೆ. ಶುಲ್ಕ ಮಾಫಿ ಮಾಡ್ಕೊಡಿ." ಆಯುಕ್ತರು ಹುಬ್ಬು ಗಂಟಿಕ್ಕಿದರು. "ಅಲ್ಲಿ ಪಾರ್ಕ್ ಆಗಲ್ಲ ಅಂತ ನಾನೇ ಹೇಳಿದ್ನಲ್ರೀ? ನಡೀರಿ, ನೋಡೇ ಬಿಡೋಣ." ಈ ಸಲ ಅವರು ಕಾರಿನಿಂದ ಇಳಿದರು. ಪಾರ್ಕು ಮಕ್ಕಳಿಗೆ ಬೇಕು, ಮಗ ಹೋದ ತಾಯಿಗೆ ಬೇಕು ಎಂದು ಅವನು ಯೋಚಿಸಿದ್ದ. ಬಿಲ್ಡರಿಗೂ ಬೇಕಾಗುತ್ತದೆ ಎಂಬುದು, ಬಾಯಿಪಾಠವಾಗಿದ್ದ ನಿಯಮದಲ್ಲೇ ಇದ್ದರೂ ಹೊಳೆದಿರಲಿಲ್ಲ. ಸಾಹೇಬರನ್ನು ಕಂಡು ಹೆಂಡತಿ ಬೆಂಚಿನಿಂದ ಎದ್ದು, ಎಷ್ಟೋ ದಿನಗಳ ಮೇಲೆ ಮುಖ ಅರಳಿಸಿಕೊಂಡು ಎದುರು ಬಂದಳು. "ಇದನ್ನ ನಮ್ಮನೆಯವ್ರೇ ಮಾಡ್ಸಿದ್ದು ಸರ್," ಎಂದಳು, "ನಮ್ಮ ಮಗನಿಗೋಸ್ಕರ."