ವನಮಾಲಜ್ಜಿಯ ಹೆಸರಲ್ಲಿ ಒಂದು ಮುಳುಗು

ನಗುವವರು ನಗಲಿ, ನಡೆದದ್ದನ್ನೇ ಹೇಳುತ್ತೇನೆ. ಲಡಾಖಿನ ರೇಸಿನಲ್ಲಿ ಮೊದಲು ಹಿಮ ಕರಗಿದ ಸರೋವರ ಈಜಬೇಕು, ಆಮೇಲೆ ಸೈಕಲ್ಲು, ಆಮೇಲೆ ಬೆಟ್ಟದ ಓಟ. ತಣ್ಣೀರು ಮೈಗೆ ಒಗ್ಗದಿದ್ದರೆ ಸರೋವರದಲ್ಲೇ ಕಥೆ ಮುಗಿಯಿತು. ಅದಕ್ಕೇ ಜನವರಿಯ ಬೆಳಗ್ಗೆ ನಮ್ಮ ಕಾಶಿಯ ಕೇದಾರ ಘಾಟಿನಲ್ಲಿ ಗಂಗೆಗಿಳಿದೆ. ಅಣ್ಣ ನಂದನ ದೋಣಿಯಲ್ಲಿ ಜೊತೆಗಿದ್ದ.

ನಮ್ಮದು ಯಾತ್ರಿಕರಿಗೆ ಪೂಜೆ ಮಾಡಿಸುವ ಮನೆ. ಕಾಶಿಗೆ ಬಂದವರು ಊರಲ್ಲೇ ಉಳಿದವರ ಹೆಸರಲ್ಲೂ ಒಂದು ಮುಳುಗು ಹಾಕುತ್ತಾರೆ. ನಾನೂ ಹಾಕಿದೆ, ತೀರಿಕೊಂಡ ವನಮಾಲಜ್ಜಿಯ ಹೆಸರಲ್ಲಿ.

"ಅದು ಬದುಕಿರೋರಿಗೆ ಕಣೇ! ಸತ್ತೋರನ್ನ ಹಂಗೆ ಕರೀತಾರಾ?" ಎಂದು ಅಮ್ಮ ಬೈದಳು.

ಮರುದಿನದಿಂದ ನಾನು ಈಜಿದಲ್ಲೆಲ್ಲ ನೀರು ಬೆಚ್ಚಗೆ. ಸೀಗೇಕಾಯಿಯ ವಾಸನೆ ಬೇರೆ. ನಂದನ ಪಕ್ಕದಲ್ಲೇ ಕೈ ಅದ್ದಿ, "ಅರೆ, ಪೂರಾ ಬರಫ್, ಮಂಜುಗಡ್ಡೆ! ತಲೆ ಕೆಟ್ಟಿದೆಯೇನೇ ನಿಂಗೆ?" ಎಂದ. ಅಜ್ಜಿ ಇದ್ದಷ್ಟು ದಿನ ನನಗೆ ತಣ್ಣೀರು ಮುಟ್ಟಲು ಬಿಟ್ಟವಳಲ್ಲ. ಹಂಡೆಯಲ್ಲಿ ಕಾಯಿಸಿ, ತಾನೇ ತಲೆಗೆ ಹೊಯ್ಯುತ್ತಿದ್ದಳು.

ಹೀಗೇ ಆದರೆ ರೇಸಿನ ಆಸೆ ಬಿಟ್ಟ ಹಾಗೆ. ಕೊನೆಗೆ ಕುತ್ತಿಗೆಮಟ್ಟದ ನೀರಲ್ಲಿ ನಿಂತು ಕೂಗಿದೆ: "ಅಜ್ಜೀ, ದಮ್ಮಯ್ಯ, ಇಲ್ಲಿ ಚಳಿಯಾಗಲಿ ಬಿಡು! ಬೇಕಾದ್ರೆ ಮನೇಲಿ ಕಾಯಿಸಿಡು."

ಗಂಗೆ ಆ ಕ್ಷಣವೇ ಹಲ್ಲು ಕಟಕಟಿಸುವಷ್ಟು ತಣ್ಣಗಾದಳು. ಖುಷಿಯಿಂದ ನಡುಗುತ್ತ ಮನೆಗೆ ಓಡಿದೆ.

ಬಚ್ಚಲಲ್ಲಿ ಅಜ್ಜಿಯ ಹಂಡೆ ಹಬೆಯಾಡುತ್ತಿತ್ತು.

"ಅಮ್ಮಾ, ಒಲೆ ಹಚ್ಚಿದ್ದೀಯಾ?"

"ಗೀಸರ್ ಬಂದ್ಮೇಲೆ ಅದನ್ನ ಯಾರು ಹಚ್ತಾರೆ?" ಎನ್ನುತ್ತ ಅಮ್ಮ ಬಂದು ಬಗ್ಗಿ ನೋಡಿದಳು. ಒಲೆಯ ಬಾಯಿಗೆ ಕಟ್ಟಿದ್ದ ಜೇಡರ ಬಲೆ ಹಾಗೆಯೇ ಇತ್ತು.