ವರದಿಯಲ್ಲಿ ಅವನ ಹೆಸರು

“ಬೆಡ್ ಖಾಲಿ ಇಲ್ರಿ. ದಾವಣಗೇರಿಗೆ ಕರ್ಕಂಡು ಹೋಗ್ರಿ.”

ಕೌಂಟರಿನಲ್ಲಿದ್ದ ಯುವಕ ತಲೆ ಎತ್ತದೆ ಹೇಳಿದ. ಕ್ರಾಂತಿಯ ಮೈ ಉರಿದುಹೋಯಿತು. ಬರುವಾಗ ವಾರ್ಡಿನಲ್ಲಿ ಖಾಲಿ ಮಂಚಗಳನ್ನು ಅವಳೇ ಕಂಡಿದ್ದಳು.

ಆರೋಗ್ಯ ವಿಮೆಯ ಕಾರ್ಡ್ ಇದ್ದೂ ಬಡವರಿಗೆ ಚಿಕಿತ್ಸೆ ಏಕೆ ಸಿಗುತ್ತಿಲ್ಲ ಎಂಬುದು ಅವಳ ಸಂಶೋಧನೆಯ ವಿಷಯ. ಅದಕ್ಕಾಗಿ ಊರೂರು ತಿರುಗುತ್ತಿದ್ದವಳು, ನೀಲಗುಂದದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮಾರೆಮ್ಮನನ್ನು ಆ ದಿನ ಹರಪನಹಳ್ಳಿಯ ಈ ಖಾಸಗಿ ಆಸ್ಪತ್ರೆಗೆ ಕರೆತಂದಿದ್ದಳು.

“ಕಾರ್ಡ್ ನೋಡಿದ ಮ್ಯಾಲೆ ಬೆಡ್ ತುಂಬಿದ್ವಾ?”

ಅವನು ಆಗ ತಲೆಯೆತ್ತಿದ. ಕಣ್ಣಲ್ಲಿ ಏನೋ ಇತ್ತು... ನಾಚಿಕೆಯೋ, ಅಸಹಾಯಕತೆಯೋ.

“ಇಲ್ಲಿ ಹೊತ್ತು ಕಳೀಬ್ಯಾಡ್ರಿ. ಅಜ್ಜಿಗೆ ನೋವು ಜಾಸ್ತಿ ಆಗ್ತೈತಿ.”

ಅಂಗಿಯ ಮೇಲೆ ಹೆಸರಿತ್ತು: ಗುರುಬಸವರಾಜ. ಕ್ರಾಂತಿ ಬರೆದುಕೊಂಡಳು.

ಮಾರೆಮ್ಮನಿಗೆ ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಎರಡು ದಿನದ ಮೇಲೆ ಫೋನ್ ಬಂತು.

“ನಾನ್ರಿ, ಗುರುಬಸವರಾಜ. ಅಜ್ಜಿ ಹೆಸರು ಬರೆಸಿದ ಫಾರಮ್ಮಿನ್ಯಾಗ ನಿಮ್ಮ ನಂಬರ್ ಇತ್ತು. ಅಜ್ಜಿ ಹೆಂಗದಾರ?”

ಕ್ರಾಂತಿ ಒಂದೇ ಮಾತಿನಲ್ಲಿ ಉತ್ತರಿಸಿ ಫೋನ್ ಇಟ್ಟಳು. ಅವನು ಮತ್ತೆ ಮಾಡಿದ, ಮತ್ತೆ... ತಿಂಗಳು ಕಳೆಯುವಷ್ಟರಲ್ಲಿ ಮಾತು ಮಾರೆಮ್ಮನನ್ನು ದಾಟಿ ಅವಳ ಊಟ, ಅವಳ ತಲೆನೋವು, ತಪ್ಪಿಹೋದ ಬಸ್ಸಿನವರೆಗೂ ಬಂದಿತ್ತು.

ಛೆ, ಇಂಥವನ ಫೋನಿಗೆ ನಾನೇಕೆ ಕಾಯುತ್ತೇನೆ?

ತನ್ನ ಮೇಲೇ ಸಿಟ್ಟು ಬಂದು, ಆರೋಗ್ಯ ಇಲಾಖೆಗೆ ಕಳಿಸಿದ ವರದಿಯಲ್ಲಿ ಅವನ ಹೆಸರನ್ನು ಹಾಗೇ ಉಳಿಸಿದಳು.

ಆಸ್ಪತ್ರೆಯ ಮೇಲಿನ ವಿಚಾರಣೆಗೆ ದಿನ ನಿಗದಿಯಾಯಿತು. ಅವನ ಫೋನ್ ನಿಂತುಹೋಯಿತು.

ವಿಚಾರಣೆಯ ಹಿಂದಿನ ದಿನ ಹಿರೇಹಡಗಲಿಯಲ್ಲಿ ತಿಪ್ಪೇರುದ್ರಮ್ಮ ಸಿಕ್ಕಳು. ಅದೇ ಆಸ್ಪತ್ರೆ ವಾಪಸ್ ಕಳಿಸಿದ್ದ ಹೆಂಗಸು.

“ಆ ಕೌಂಟರಿನ ಹುಡುಗನೇ ನನ್ನ ಜೀವ ಉಳಿಸ್ಯಾನವ್ವ. ಕಾರ್ಡಿನ ರೊಕ್ಕ ತಡ ಬರ್ತೈತಿ, ಸೇರಿಸ್ಕಬ್ಯಾಡ ಅಂತ ಯಜಮಾನ್ರು ಅಂದಾರಂತ. ನಮ್ಮ ಹಿಂದಿಂದ ಹೊರಗ ಬಂದು ತಾನೇ ದಾವಣಗೇರಿ ಡಾಕ್ಟ್ರಿಗೆ ಫೋನ್ ಹಚ್ಚಿದ. ನಾವು ಹೋಗೋದ್ರಾಗ ಮಂಚ ತಯಾರಿತ್ತು.”

ಕ್ರಾಂತಿಯ ಪೆನ್ನು ನಿಂತಿತು. ದಾವಣಗೆರೆಯಲ್ಲಿ ಮಾರೆಮ್ಮನನ್ನೂ ಹೋದ ಕೂಡಲೇ ಹೆಸರು ಹಿಡಿದು ಕರೆದಿದ್ದರು. ಹೇಗೆ ಎಂದು ಅವಳು ಕೇಳಿರಲೇ ಇಲ್ಲ...

ಮರುದಿನ ಆಸ್ಪತ್ರೆಯ ಯಜಮಾನ ಅಧಿಕಾರಿಯ ಮುಂದೆ ಅವಳ ವರದಿಯನ್ನೇ ಎತ್ತಿ ಹಿಡಿದ. “ತಪ್ಪು ಈ ಹುಡುಗಂದು. ಇವರೇ ಬರೆದಾರ ನೋಡ್ರಿ. ಇವತ್ತೇ ಕೆಲಸದಿಂದ ತೆಗೀತೀವಿ.”

ಗುರುಬಸವರಾಜ ನೆಲ ನೋಡುತ್ತ ನಿಂತಿದ್ದ.

ಕ್ರಾಂತಿ ಎದ್ದಳು. ತಪ್ಪೊಪ್ಪಿಕೊಂಡರೆ ತನ್ನ ಮೂರು ವರ್ಷದ ದುಡಿಮೆಯನ್ನೇ ಜನ ಅನುಮಾನಿಸುತ್ತಾರೆ. ಆದರೂ...

“ಪೂರ್ತಿ ವಿಚಾರಿಸದೆ ಆ ಹೆಸರು ಬರೆದೀನ್ರಿ. ಕಾರ್ಡಿನೋರ್ನ ಹೊರಗ ಹಾಕ್ಸಿದ್ದು ಯಜಮಾನ್ರು. ವಾಪಸ್ ಹೋದೋರು ಬಂದು ಸಾಕ್ಷಿ ಹೇಳ್ತಾರ.”

ಗುರುಬಸವರಾಜ ನಿಧಾನವಾಗಿ ಮುಂದೆ ಬಂದ.

“ಯಜಮಾನ್ರ ಮೆಸೇಜು ನನ್ನ ಫೋನಿನ್ಯಾಗ ಅದಾವ್ರಿ. ಕೆಲಸ ಹೋಗ್ತೈತಿ ಅಂತ ಇಷ್ಟು ದಿನ ಬಾಯಿ ಮುಚ್ಕಂಡಿದ್ದೆ.”

ಅಧಿಕಾರಿ ಫೋನಿಗಾಗಿ ಕೈ ಚಾಚಿದರು. ಸಂಜೆಯೊಳಗೆ ಆಸ್ಪತ್ರೆಗೆ ನೋಟಿಸ್ ಹೋಯಿತು.

ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು.

“ನನಗ ಯಾಕ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಬೆಡ್ ಇಲ್ಲ ಅಂದೋನು ನಾನೇ ಅಲ್ರಿ...”

ಅವಳ ಕಣ್ಣು ತುಂಬಿದವು. “ನಿಮ್ಮ ಫೋನಿಗೆ ಭಾಳ ಕಾಯ್ದೆ.”

ಅವನು ನಿಂತುಬಿಟ್ಟ. “ನನಗೀಗ ಕೆಲಸ ಇಲ್ಲ. ನಮ್ಮ ಮನ್ಯಾಗ ಜಾತಿ ಮಾತು ತೆಗೀತಾರ. ಆದ್ರೂ ನೀವು ಬೇಕ್ರಿ ನನಗ. ನಿಮ್ಮಪ್ಪ ಏನಂತಾರ?”

“ಎದುರಿಗೆ ಬಂದು ಕೇಳೋ ಧೈರ್ಯ ಐತೇನು ಅಂತಾನ, ಅಷ್ಟೇ.”

“ನಾಳೆ ಬರ್ಲಾ?”

“ನಾಳೆ ಯಾಕ?” ಕ್ರಾಂತಿ ಕಣ್ಣೊರೆಸಿಕೊಂಡಳು. “ನಮ್ಮೂರಿನ ಬಸ್ ಈಗ ಐತಿ.”