ಕರಡಿಗೆ ಮತ್ತು ತೆರೆಯದ ಫೋಲ್ಡರ್

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಸಿದ್ದರಾಮಪ್ಪನವರು ಜಾಲಹಳ್ಳಿ ಕಡೆಯ ಠಾಣೆಗೆ ದೂರು ಹಿಡಿದು ಬಂದರು. ಬರುವಾಗ ಕಳ್ಳರ ಹೆಸರನ್ನೂ ತಾವೇ ಬರೆದುಕೊಂಡು ಬಂದಿದ್ದರು. ನಿವೃತ್ತ ಎಂಜಿನಿಯರು, ಪೊಲೀಸರಿಗೆ ತಲೆನೋವು ಉಳಿಸುವ ಉದ್ದೇಶವಿರಬೇಕು. ಅವರ ಇಷ್ಟಲಿಂಗವನ್ನು ಇಡುತ್ತಿದ್ದ, ಅಜ್ಜನ ಕಾಲದ ಬಂಗಾರದ ಕರಡಿಗೆ ಮಂಗಳವಾರ ಸಂಜೆ ಪೂಜೆಗೆ ಕೂತಾಗ ಕಾಣಲಿಲ್ಲ. ಕದ್ದವಳು ಮನೆಗೆಲಸದ ದುರ್ಗವ್ವ.

"ಅವಳೇ ಅಂತ ಹೇಗೆ ಹೇಳ್ತೀರಾ ಸಾರ್?" ಪಿಎಸ್‌ಐ ಭಾಗ್ಯಶ್ರೀ ಕೇಳಿದಳು.

"ಮತ್ಯಾರ್ರೀ? ಮನ್ಯಾಗ ಇರೋದು ನಾನು, ನನ್ನ ಹೆಂಡ್ತಿ, ಮಗ. ಹೊರಗಿನಾಕಿ ಅಕಿ ಒಬ್ಬಾಕಿನ."

"ಕ್ಯಾಮೆರಾ ಇಲ್ವಾ?"

"ಮೂರ್ ಅದಾವ. ಆದ್ರ ರೆಕಾರ್ಡಿಂಗ್ ಬಿಚ್ಚವಲ್ದು."

ಕ್ಯಾಮೆರಾಗಳ ಚಿತ್ರವೆಲ್ಲ ಮಗನ ಕೋಣೆಯ ಕಂಪ್ಯೂಟರಿನ ಒಂದು ಫೋಲ್ಡರಿಗೆ ಹೋಗಿ ಸೇರುತ್ತಿತ್ತು. ಮನೆಯ ವೈಫೈನಲ್ಲಿರುವ ಮೂವರೂ ಅದನ್ನು ತಮ್ಮ ತಮ್ಮ ಲ್ಯಾಪ್‌ಟಾಪು, ಫೋನುಗಳಲ್ಲಿ ತೆರೆಯಬಹುದಿತ್ತು. ಹಿಂದಿನ ದಿನ ಮನೆಯಲ್ಲಿ ಯಾರು ಏನು ಮಾಡಿದರೆಂದು ಮುಂಜಾನೆಯ ಚಹಾದ ಜೊತೆ ನೋಡುವುದು ಸಿದ್ದರಾಮಪ್ಪನವರ ರೂಢಿ. ಈಗ ಅವರಿಗೇ ಬಾಗಿಲು ಹಾಕಿತ್ತು. ಧೂಳು ಹೊಡೆಯುವಾಗ ದುರ್ಗವ್ವನೇ ವೈರು ಕಿತ್ತಿರಬೇಕೆಂಬುದು ಅವರ ತೀರ್ಮಾನ.

ನೌಕರರು ಮಾಡುವ ಕಳ್ಳತನದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ದುರ್ಗವ್ವನನ್ನು ವಿಚಾರಣೆಗೆ ಕರೆಸಿದರು. ಅಷ್ಟರಲ್ಲಿ ಅವಳ ಫೋಟೋ 'ಎಚ್ಚರಿಕೆ' ಎಂಬ ತಲೆಬರಹ ಹೊತ್ತು ಬಡಾವಣೆಯ ವಾಟ್ಸಾಪ್ ಗ್ರೂಪನ್ನೆಲ್ಲ ಸುತ್ತಿ ಬಂದಿತ್ತು.

"ಯಕ್ಕಾ, ನಾ ದೇವ್ರ ಕೋಣಿ ಒಳಗ ಕಾಲಿಡಂಗಿಲ್ರೀ. ಬರಬ್ಯಾಡ ಅಂತ ಅವ್ರೇ ಹೇಳ್ಯಾರ. ಹೊಸ್ತಿಲ ಮಟ ಒರಸ್ತೀನಿ, ಅಷ್ಟ."

ಮಾತು ಮುಗಿಯುವ ಮೊದಲೇ ಅವಳ ಫೋನು ಬಡಿದುಕೊಂಡಿತು. ಕಿವಿಗಿಟ್ಟು ಕೇಳಿ, ಹೂಂ ಎಂದು ಇಳಿಸಿದಳು.

"ಇನ್ನೊಂದ್ ಮನಿ ಹೋತ್ರಿ. ನಾಳಿಂದ ಬರಬ್ಯಾಡಂತ. ನೀವು ನನ್ನ ಬಿಟ್ರೂ ಇವ್ರು ಬಿಡಂಗಿಲ್ಲ, ಅಲ್ರೀ?"

ಸಂಜೆಯೊಳಗೆ ಭಾಗ್ಯಶ್ರೀ ಅವಳನ್ನು ಮನೆಗೆ ಕಳಿಸಿ, ಪಂಚರನ್ನು ಕರೆದುಕೊಂಡು ಸಿದ್ದರಾಮಪ್ಪನವರ ಮನೆಗೆ ಹೋದಳು.

ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಇರಣ್ಣ ಪೂಜೆಯ ಮಣೆಯ ಮುಂದೆ ಪೆನ್ನು ನಿಲ್ಲಿಸಿದ. ಕರಡಿಗೆ ಹೋಗಿತ್ತು, ಲಿಂಗ ಇತ್ತು. ಅದೂ ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೆ ವಿಭೂತಿ ಇಟ್ಟು, ಬಿಲ್ವಪತ್ರೆ ಏರಿಸಿದ ಸ್ಥಿತಿಯಲ್ಲಿ.

"ಲಿಂಗಾನ ನೀವು ಸುತ್ತಿಟ್ರಾ ಸಾರ್?" ಭಾಗ್ಯಶ್ರೀ ಕೇಳಿದಳು.

"ಇಲ್ಲ, ಹಿಂಗ ಇತ್ತು. ಕಳ್ಳಗೂ ಶಿವನ ಭಯ ಐತಿ ನೋಡ್ರಿ."

ಹೊರಗೆ ಬಂದ ಮೇಲೆ ಇರಣ್ಣ ಮೆಲ್ಲಗೆ ಅಂದ: "ಕದಿಯಾಕ ಬಂದಾವ ವಿಭೂತಿ ಹಚ್ಚಿ, ಪತ್ರಿ ಏರ್ಸಿ, ಕೈಮುಗಿದು ಹೋಗ್ತಾನೇನ್ರಿ ಮೇಡಂ?"

"ಅದೇ ನಂಗೂ ತಲೆ ತಿಂತಿರೋದು. ಆ ಫೋಲ್ಡರ್ ತೆರೆದ್ರೆ ಮುಗೀತು."

ತೆರೆಯುವವರು ಯಾರು? ಸೈಬರ್ ವಿಭಾಗಕ್ಕೆ ಫೋನು ಮಾಡಿದರೆ, ಕಂಪ್ಯೂಟರು ಜಪ್ತಿ ಮಾಡಿ ಕಳಿಸಿ, ವರದಿಗೆ ತಿಂಗಳು ಹಿಡಿಯುತ್ತದೆ ಎಂದರು. ಮಗ ಸಂಗಮೇಶ ಪೀಣ್ಯದ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿದ್ದ. ಭಾಗ್ಯಶ್ರೀ ಅವನಿಗೆ ಫೋನು ಮಾಡಿದಳು.

"ಮೀಟಿಂಗಲ್ಲಿದ್ದೀನಿ ಮೇಡಂ. ನೆಟ್‌ವರ್ಕ್ ಇಶ್ಯೂ ಇರ್ಬೇಕು, ಸಂಜೆ ನೋಡ್ತೀನಿ."

ಸಂಜೆ ಆಡಿಟ್ ಎಂದ. ರಾತ್ರಿ ಫೋನೇ ಎತ್ತಲಿಲ್ಲ. ಗುರುವಾರ ಬೆಳಿಗ್ಗೆ ಭಾಗ್ಯಶ್ರೀಯ ತಾಳ್ಮೆಯ ಕಟ್ಟೆಯೊಡೆಯಿತು.

"ಪೀಣ್ಯದಿಂದ ಜಾಲಹಳ್ಳಿಗೆ ಬರೋಕೆ ವೀಸಾ ಬೇಕೇನ್ರೀ? ಮಧ್ಯಾಹ್ನ ಮೂರಕ್ಕೆ ಮನೇಲಿರ್ಬೇಕು. ಇಲ್ಲಾಂದ್ರೆ ಕಾರ್ಖಾನೆಗೇ ಜೀಪ್ ತರ್ತೀನಿ."

ಅವನು ಬರುವುದರೊಳಗೆ, ಆ ಮನೆಗೆ ಕ್ಯಾಮೆರಾ ಹಾಕಿಕೊಟ್ಟಿದ್ದ ಮುರಳಿಯನ್ನು ಕರೆಸಿದಳು. ಅವನು ಸಿದ್ದರಾಮಪ್ಪನವರ ಲ್ಯಾಪ್‌ಟಾಪಿನಲ್ಲಿ ಫೋಲ್ಡರನ್ನು ಒತ್ತಿದ. ತೆರೆಯಲು ನಿಮಗೆ ಅನುಮತಿ ಇಲ್ಲ ಎಂದು ಬಂತು.

"ವೈರ್ ಕಿತ್ತಿದ್ರೆ ಫೋಲ್ಡರ್ರೇ ಕಾಣ್ತಿರ್ಲಿಲ್ಲ ಮೇಡಂ. ಇದು ಕಾಣ್ತಿದೆ, ಒಳಗೆ ಬಿಡ್ತಿಲ್ಲ. ತೆರೆಯೋಕೆ ಅನುಮತಿ ಇರೋರ ಪಟ್ಟಿಯಿಂದ ಯಾರೋ ಕೂತು ಅಂಕಲ್ ಹೆಸ್ರು ತೆಗ್ದಿದ್ದಾರೆ. ಆಂಟಿ ಫೋನಲ್ಲೂ ಬಿಡ್ತಿಲ್ಲ, ಅವ್ರದೂ ತೆಗ್ದಿದ್ದಾರೆ."

"ಯಾರು ತೆಗೀಬಹುದು?"

"ಒಳಗಿನ ಕಂಪ್ಯೂಟರ್ ಪಾಸ್‌ವರ್ಡ್ ಗೊತ್ತಿರೋರು."

ಭಾಗ್ಯಶ್ರೀ ಸಿದ್ದರಾಮಪ್ಪನವರ ಕಡೆ ತಿರುಗಿದಳು. "ಸಾರ್, ಇದು ಮೊದಲು ತೆರೀದೇ ಹೋಗಿದ್ದು ಯಾವಾಗ?"

"ಮಂಗಳವಾರ ಮುಂಜಾನೆ. ಚಹಾ ಕುಡಿಯೋ ಮುಂದ."

"ದುರ್ಗವ್ವ ಕೆಲಸಕ್ಕೆ ಬರೋದು?"

"ಹತ್ತಕ್ಕ..." ಎಂದವರು ಅಲ್ಲೇ ನಿಂತರು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಮಹಾದೇವಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು.

ಸಂಗಮೇಶ ಮೂರೂವರೆಗೆ ಬಂದ. ಶೂ ಬಿಚ್ಚುವುದಕ್ಕೇ ಐದು ನಿಮಿಷ ತೆಗೆದುಕೊಂಡ.

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನಂಗೆ."

"ಇನ್ಯಾರಿಗೆ?"

"...ಯಾರಿಗೂ ಇಲ್ಲ."

"ತೆಗೀರಿ."

ತೆಗೆದ. ಮಂಗಳವಾರ ಬೆಳಗಿನ ಜಾವ, ಮನೆಯವರು ಏಳುವ ಮೊದಲು, ತಲೆಸ್ನಾನ ಮಾಡಿ ಮಡಿಯುಟ್ಟ ಸಂಗಮೇಶನೇ ಪೂಜಾ ಕೋಣೆಗೆ ಹೋಗುವುದು, ಬರುವುದು ಪರದೆಯ ಮೇಲೆ ಕಂಡಿತು.

"ಕರಡಿಗೆ ಎಲ್ಲಿದೆ?"

"ಜಿಗಣೀಲಿ. ನಿವೇದಿತಾ ಮನೇಲಿ. ನನ್ನ ತಂಗಿ."

"ಆ ಹೆಸರು ಈ ಮನ್ಯಾಗ ಎತ್ತಬ್ಯಾಡ!" ಸಿದ್ದರಾಮಪ್ಪನವರು ಗದರಿದರು.

ನಿವೇದಿತಾ ತನ್ನ ಜೊತೆ ಕೆಲಸ ಮಾಡುತ್ತಿದ್ದ ಮಲ್ಲಿಕ್‌ನನ್ನು ಅಪ್ಪನ ಒಪ್ಪಿಗೆಯಿಲ್ಲದೆ ಮದುವೆಯಾದ ದಿನದಿಂದ ಆ ಮನೆಗೆ ಇಲ್ಲವಾಗಿದ್ದಳು. ಆ ವಂಶದ ಕರಡಿಗೆ ಹಿರಿಯ ಮೊಮ್ಮಗುವಿನ ಲಿಂಗಧಾರಣೆಯ ದಿನ ಮಗುವಿನ ಕೊರಳಿಗೆ ಬೀಳಬೇಕೆಂಬುದು ಮನೆತನದ ಪದ್ಧತಿ. ಹಿರಿಯ ಮೊಮ್ಮಗಳು ಹುಟ್ಟಿದ್ದು ಜಿಗಣಿಯಲ್ಲಿ. ಲಿಂಗಧಾರಣೆ ಮಂಗಳವಾರವಿತ್ತು.

ಸಿದ್ದರಾಮಪ್ಪನವರು ಕುರ್ಚಿ ಹಿಡಿದುಕೊಂಡು ಕೂತರು. "ಮೇಡಂ, ಇದು ಮನಿ ವಿಷಯ. ದೂರು ವಾಪಸ್ ತಗೋತೀನಿ" ಎಂದರು.

"ನಿನ್ನೆ ಇದು ಮನೆ ವಿಷಯ ಆಗಿರ್ಲಿಲ್ವಲ್ಲ ಸಾರ್."

ಜಿಗಣಿಯಲ್ಲಿ ಪಂಚರ ಸಮಕ್ಷಮ ಕರಡಿಗೆಯನ್ನು ವಶಕ್ಕೆ ಪಡೆದರು. ನಿವೇದಿತಾ ಅದನ್ನು ಮಗುವಿನ ಕೊರಳಿಂದ ತೆಗೆದು ಇರಣ್ಣನ ಕೈಗಿಟ್ಟಳು. ಎಫ್‌ಐಆರ್‌ನ ಕಲಮನ್ನು ಮನೆಯೊಳಗಿನ ಕಳ್ಳತನ ಎಂದು ಬದಲಿಸಲು ನ್ಯಾಯಾಲಯಕ್ಕೆ ಕೋರಿಕೆ ಬರೆದು, ಗುರುವಾರ ರಾತ್ರಿ ಎಂಟಕ್ಕೆ ಸಂಗಮೇಶನನ್ನು ಬಂಧಿಸಲಾಯಿತು.

ಶುಕ್ರವಾರ ದುರ್ಗವ್ವನನ್ನು ಕರೆಸಿ, ನಿನ್ನ ಮೇಲೆ ಏನೂ ಇಲ್ಲ ಎಂದು ಭಾಗ್ಯಶ್ರೀ ಹೇಳಿದಳು. ಅವಳು ತಲೆಯಾಡಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಆ ಗ್ರೂಪಿಗೆ ಈಗ ಅವ್ರ ಮಗನ ಫೋಟೋ ಹಾಕ್ತಾರೇನ್ರಿ ಯಕ್ಕಾ?"

ಭಾಗ್ಯಶ್ರೀ ಕಡತದ ಕಡೆ ನೋಡಿದಳು. ಅದಕ್ಕೆ ಅವಳ ಹತ್ತಿರ ಕಲಮಿರಲಿಲ್ಲ.

ಸಂಗಮೇಶನ ಹೇಳಿಕೆ ಒಂದೂವರೆ ಪುಟವಷ್ಟೇ. ಮಂಗಳವಾರ ಸಂಜೆಯೇ ಅಪ್ಪನಿಗೆ ಹೇಳಿಬಿಡಬೇಕು, ಅಲ್ಲಿಯವರೆಗೆ ಅವರು ನೋಡದಿದ್ದರೆ ಸಾಕು ಎಂದುಕೊಂಡಿದ್ದ. ಸಂಜೆ ಅಪ್ಪ ದುರ್ಗವ್ವನ ಹೆಸರೆತ್ತಿ ಕೂಗಾಡುತ್ತಿದ್ದರು. ಸುಮ್ಮನೆ ಊಟ ಮಾಡಿ ಮಲಗಿದ. ಅವಳು ಠಾಣೆಯಲ್ಲಿ ಕೂತದ್ದು ಗೊತ್ತಿತ್ತೇ ಎಂಬ ಪ್ರಶ್ನೆಗೆ, ಗೊತ್ತಿತ್ತು ಎಂದ. ಮೂವತ್ತು ದಾಟಿದ ಆ ಮಗನಿಗೆ ಅಪ್ಪನೆದುರು ತಂಗಿಯ ಹೆಸರು ಹೇಳುವ ಧೈರ್ಯವಿರಲಿಲ್ಲ. ಅಪ್ಪನ ಹೆಸರನ್ನು ಫೋಲ್ಡರಿನಿಂದ ತೆಗೆಯುವಷ್ಟು ಮಾತ್ರ ಇತ್ತು.